ಅರ್ಧದ ಮೇಷ್ಟ್ರು ತಪ್ಪೊಪ್ಪಿಕೊಂಡ ಮಂಗಳವಾರ

ಕೊಬಿನಾ ಆರ್ಕೊಫುಲ್ ಸುಮ್ಮನೆ ಕೂತದ್ದನ್ನು ನಾನು ಕಂಡಿರುವುದು ಅಪರೂಪಕ್ಕೆ. ಸಾಲ್ಟ್‌ಪಾಂಡ್ ಗುಡ್ಡದ ಮೇಲಿನ ನಮ್ಮ ಕಾಲೇಜಿನಲ್ಲಿ ಅವನು ಭೌತಶಾಸ್ತ್ರ ಹೇಳುವವನು, ನಾನು ರಸಾಯನಶಾಸ್ತ್ರದವಳು. ಇಬ್ಬರಿಗೂ ಸೇರಿ ಒಂದೇ ಕೋಣೆ, ಒಂದೇ ಫ್ಯಾನು. ಎದುರು ಮೇಜಿನ ಕೆಳಗೆ ಅವನ ಮೊಣಕಾಲು ಬೆಳಗಿನಿಂದ ಸಂಜೆಯವರೆಗೆ ಕುಣಿಯುತ್ತಲೇ ಇರುತ್ತಿತ್ತು, ನನ್ನ ಚಹಾ ತಟ್ಟೆಗೆ ತುಳುಕುತ್ತಿತ್ತು.

"ಆ ಕಾಲಿಗೆ ಒಂದು ಮೊಳೆ ಹೊಡೀಲೇನೋ?" ಎಂದು ರೇಗಿದರೆ, "ಹೊಡಿ ಸಿಸ್ಟರ್, ಮೊಳೇನೂ ಅಲ್ಲಾಡುತ್ತೆ. ಈ ಪ್ರಪಂಚದಲ್ಲಿ ಪೂರ್ತಿ ಸುಮ್ಮನಿರೋದು ಅಂತ ಯಾವುದೂ ಇಲ್ಲ," ಅನ್ನುತ್ತಿದ್ದ. ಇಂಥವನ ಜೊತೆ ಏನು ವಾದ ಮಾಡುವುದು ಹೇಳಿ.

ಅವನು ದೋಣಿ ಕೆತ್ತುವವನ ಮಗ. ಅಪ್ಪ ಕೆತ್ತಿದ ದೋಣಿಗಳು ನಮ್ಮ ಕರಾವಳಿಯ ಉದ್ದಕ್ಕೂ ತೇಲುತ್ತಿದ್ದರೂ ಮಗನಿಗೆ ಮಾತ್ರ ಕಡಲು ಆಗಿಬರಲಿಲ್ಲ. ದೋಣಿ ಹತ್ತಿ ಅಲೆ ದಾಟುವುದರೊಳಗೆ ಹೊಟ್ಟೆಯಲ್ಲಿದ್ದದ್ದೆಲ್ಲ ಹೊರಗೆ. ಇವನಿಂದ ಮೀನು ಹಿಡಿಯುವುದು ಆಗದ ಮಾತು ಎಂದು ಶಾಲೆಗೆ ಹಾಕಿದರಂತೆ. ಅಲ್ಲಾಡುವ ವಸ್ತುಗಳ ಬಗ್ಗೆ ಇವನಿಗಿರುವ ಜ್ಞಾನವೆಲ್ಲ ತಲೆಯಿಂದಲ್ಲ, ಹೊಟ್ಟೆಯಿಂದ ಬಂದದ್ದು ಎಂದು ನಾನು ಛೇಡಿಸುತ್ತಿದ್ದೆ.

ಅವನ ಪ್ರೀತಿಯ ಪಾಠ ಒಂದೇ: ಸ್ಪ್ರಿಂಗಿಗೆ ಕಟ್ಟಿದ ಕಣ. ದೊಡ್ಡ ಸ್ಪ್ರಿಂಗನ್ನು ನಾವು ಎಷ್ಟು ಬೇಕೋ ಅಷ್ಟು ಅಲ್ಲಾಡಿಸಬಹುದು. ಅಣುವಿನಷ್ಟು ಚಿಕ್ಕದಕ್ಕೆ ಆ ಸ್ವಾತಂತ್ರ್ಯವಿಲ್ಲ, ಅದರ ಶಕ್ತಿ ಮೆಟ್ಟಿಲು ಮೆಟ್ಟಿಲಾಗಿಯೇ ಏರಬೇಕು, ಇಳಿಯಬೇಕು. ಮೆಟ್ಟಿಲುಗಳೆಲ್ಲ ಒಂದೇ ಎತ್ತರ, ನಡುವೆ ನಿಲ್ಲಲು ಜಾಗವಿಲ್ಲ. ಇಷ್ಟು ಹೇಳಿ ಕೊಬಿನಾ ಕಿಟಕಿ ಪೂರ್ತಿ ತೆರೆಯುತ್ತಿದ್ದ. ಕೆಳಗೆ ಕಡಲು. ಈ ಪಾಠವನ್ನು ಅವನು ಬೇಕೆಂದೇ ಮಂಗಳವಾರಕ್ಕೆ ಇಟ್ಟುಕೊಳ್ಳುತ್ತಿದ್ದ, ಏಕೆಂದರೆ ಮಂಗಳವಾರ ನಮ್ಮಲ್ಲಿ ಯಾರೂ ಕಡಲಿಗೆ ಇಳಿಯುವುದಿಲ್ಲ. ಅದು ಕಡಲಿನ ವಿಶ್ರಾಂತಿಯ ದಿನ.

"ದೋಣಿಯೆಲ್ಲ ಕಟ್ಟಿ ಹಾಕಿದಾರೆ. ಹುಟ್ಟು ಹಾಕೋರಿಲ್ಲ, ಬಲೆ ಎಳೆಯೋರಿಲ್ಲ. ಆದ್ರೂ ನೋಡ್ರೋ, ಸುಮ್ಮನಿದೆಯಾ ದೋಣಿ?"

"ಇಲ್ಲ ಸಾರ್!"

"ಹಾಗೇ ಈ ಕಣ. ಇರೋ ಶಕ್ತಿಯೆಲ್ಲ ಕಿತ್ಕೊಳ್ಳಿ, ಇನ್ನು ಕೊಡಲ್ಲ ಅನ್ನೋವರೆಗೂ ಕಿತ್ಕೊಳ್ಳಿ. ಕೊನೇಲಿ ಉಳಿಯೋದೆಷ್ಟು? ಸೊನ್ನೆಯಾ?"

"ಅರ್ಧ!" ಎಂದು ಇಡೀ ತರಗತಿ ಕೂಗುತ್ತಿತ್ತು. ಅರ್ಧ ಮೆಟ್ಟಿಲು. ಅದರ ಮೇಲೆ ಒಂದೂವರೆ, ಎರಡೂವರೆ, ಮೂರೂವರೆ. ಪಕ್ಕದ ಕೋಣೆಯಲ್ಲಿ ಆಮ್ಲ ಅಳೆಯುತ್ತಿದ್ದ ನನ್ನ ಕೈ ಆ ಕೂಗಿಗೆ ಎಷ್ಟು ಸಲ ಜಾರಿದೆಯೋ ಏನೋ. ಹೀಗಾಗಿ ಊರಿಗೆಲ್ಲ ಅವನು ಅರ್ಧದ ಮೇಷ್ಟ್ರು. ಪೇಟೆಯಲ್ಲಿ ಬಾಳೆಲೆಯಲ್ಲಿ ಸುತ್ತಿ ಬೇಯಿಸಿದ ಡೊಕೊನು ಕಡುಬು ಮಾರುವ ಹೆಂಗಸು ಕೂಡ "ಮೇಷ್ಟ್ರೇ, ಇಡೀದು ಕಟ್ಲಾ, ಅರ್ಧ ಸಾಕಾ?" ಎಂದು ಕಣ್ಣು ಮಿಟುಕಿಸುತ್ತಿದ್ದಳು. ಅವನಿಗೂ ಒಳಗೊಳಗೇ ಖುಷಿ.

ಆದರೆ ಅವನಿಗೆ ಒಂದು ಕೆಟ್ಟ ಚಾಳಿಯಿತ್ತು. ಪಾಠದ ಮಧ್ಯೆ ನಗು ಏಳದಿದ್ದರೆ ಅವನಿಗೆ ಉಂಡದ್ದು ಅರಗುತ್ತಿರಲಿಲ್ಲ. ನಗಿಸಲು ಬೇರೇನೂ ಸಿಗದಿದ್ದಾಗ ಎದುರಿಗೆ ಸಿಕ್ಕ ವಿದ್ಯಾರ್ಥಿಯೇ ಸಾಕು. ನಾನು ಎಷ್ಟೋ ಸಲ ಬೈದಿದ್ದೇನೆ. ಗಾಳಿಗೆ ಹೇಳಿದಂತಾಯಿತು.

ಆ ವರ್ಷ, ನಾಲ್ಕು ವರ್ಷದ ಓದಿನಲ್ಲಿ ಮೂರನೇ ವರ್ಷದವರ ಪರೀಕ್ಷೆಗೆ ಅವನು ಹೊಸ ಉಪಾಯ ಮಾಡಿದ. ನಮ್ಮ ಹುಡುಗರು ಓದುವುದೆಂದರೆ ಪಾಸ್ಕೋ ಓದುವುದು, ಅಂದರೆ ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆ ಹುಡುಕಿ ಉತ್ತರ ಗಟ್ಟಿ ಹೊಡೆಯುವುದು. ಅದಕ್ಕೇ ಅವನು ಹಳೆಯ ಪ್ರಶ್ನೆಯನ್ನೇ ತೆಗೆದುಕೊಂಡು ಒಂದು ಗೋಡೆ ಸೇರಿಸಿದ: ಸ್ಪ್ರಿಂಗಿಗೆ ಕಟ್ಟಿದ ಕಣ ಓಡಾಡುವ ದಾರಿಯ ನಟ್ಟನಡುವೆ ದಾಟಲಾಗದ ಗೋಡೆ ಇದ್ದರೆ, ಅದರ ಅತ್ಯಂತ ಕೆಳಗಿನ ಮೆಟ್ಟಿಲು ಎಷ್ಟು? "ಈಗ ಬಾಯಿಪಾಠ ಒಪ್ಪಿಸಲಿ ನೋಡೋಣ," ಎಂದು ಮೀಸೆ ತಿರುವಿದ. ಆ ಒಂದು ಪ್ರಶ್ನೆಗೇ ರಾಶಿ ಅಂಕ.

ನಮ್ಮಲ್ಲಿ ಫಲಿತಾಂಶದ ಸಭೆಗೆ ಮೊದಲು ತಿದ್ದಿದ ಉತ್ತರಗಳನ್ನು ತರಗತಿಯಲ್ಲಿ ತೋರಿಸುವ ರೂಢಿಯಿದೆ. ಎಲ್ಲರೂ ಅರ್ಧ ಎಂದು ಬರೆದಿದ್ದರು, ಎಲ್ಲರಿಗೂ ಪೂರ್ತಿ ಅಂಕ. ಒಬ್ಬಳನ್ನು ಬಿಟ್ಟು. ಅವಳು ಅರಬಾ, ಕೆಳಗಿನ ಮೀನುಗಾರರ ಕೇರಿಯವಳು, ಮೀನಿಗೆ ಹೊಗೆ ಹಾಕುವ ಮನೆಯ ಹುಡುಗಿ. ತಾನಾಯಿತು ತನ್ನ ಓದಾಯಿತು ಎಂದು ಇರುವವಳು. ಕೊಬಿನಾ ಅವಳ ಹಾಳೆ ಎತ್ತಿ ಹಿಡಿದ.

"ಕೇಳ್ರಪ್ಪಾ. ಕೆಳಗಿನ ಮೆಟ್ಟಿಲು ಒಂದೂವರೆಯಂತೆ! ನಾವೆಲ್ಲ ನೆಲದಿಂದ ಹತ್ತಿದ್ರೆ ನಮ್ಮ ಅರಬಾ ನೇರ ಅಟ್ಟಕ್ಕೇ ಹಾರಿದಾಳೆ. ಇಳಿಯೋಕೆ ಏಣಿ ತರಿಸ್ಲೇನಮ್ಮ?"

ಎಲ್ಲರೂ ನಕ್ಕರು. ಅರಬಾ ಎದ್ದು ನಿಂತು, "ಗೋಡೆ ಇದೆ ಸಾರ್," ಅಂದಳು.

"ಮೊದಲು ನಿನ್ನ ತಲೇಲಿರೋ ಗೋಡೆ ಒಡಿಯಮ್ಮ!"

ಬೆಂಚು ಕುಟ್ಟಿ ಕುಟ್ಟಿ ನಕ್ಕರು. ಹಿಂದಿನಿಂದ ಯಾರೋ "ಒಂದೂವರೆ!" ಎಂದು ಕೂಗಿದರು, ಆ ಹೆಸರು ಅಲ್ಲೇ ಅಂಟಿಕೊಂಡಿತು. ಆ ವಿಷಯದಲ್ಲಿ ಅವಳು ಫೇಲು. ಸಂಜೆಯೊಳಗೆ ಅರಬಾ ಹಾಸ್ಟೆಲಿನ ಬೀಗದ ಕೈ ಒಪ್ಪಿಸಿ, ಕಾಲೇಜು ಬಿಡುತ್ತೇನೆಂದು ಕಚೇರಿಯಲ್ಲಿ ಹೇಳಿ, ಪೆಟ್ಟಿಗೆ ತಲೆಯ ಮೇಲೆ ಹೊತ್ತು ಗುಡ್ಡ ಇಳಿದು ಹೋದಳು. ಗಡಿಯಾಚೆಯ ಅಬಿಜಾನಿನಲ್ಲಿ ಮೀನು ವ್ಯಾಪಾರ ಮಾಡುವ ಚಿಕ್ಕಮ್ಮನ ಹತ್ತಿರ ಅವಳನ್ನು ಕಳಿಸುತ್ತಾರಂತೆ ಎಂದು ಸುದ್ದಿ ಬಂತು.

ನನಗೆ ಸಂಕಟವಾಯಿತು. ಒಂದು ಮಧ್ಯಾಹ್ನ ಸುಮ್ಮನಿರಲಾರದೆ ಕೇಳಿದೆ: "ಅಲ್ಲ ಕೊಬಿನಾ, ಗೋಡೆ ಹಾಕಿದ ಮೇಲೂ ಅರ್ಧಾನೇ ಏನೋ? ಹಾಗಾದ್ರೆ ಗೋಡೆ ಯಾಕೆ ಹಾಕಿದೆ?"

"ನಿಂಗೊತ್ತಾಗಲ್ಲ, ಇಲ್ಲಿ ನೋಡು," ಎಂದು ಪೆನ್ಸಿಲ್ ತೆಗೆದ. ಕಣ ಎಲ್ಲೆಲ್ಲಿ ಸಿಗಬಹುದೆಂದು ಹೇಳುವುದು ಒಂದು ಅಲೆ. ಅರ್ಧದ ಮೆಟ್ಟಿಲಿನ ಅಲೆಗೆ ಒಂದೇ ಉಬ್ಬು, ಅದರ ನೆತ್ತಿ ಸರಿಯಾಗಿ ನಡುವಿನಲ್ಲಿ. ಅವನು ಆ ಉಬ್ಬನ್ನು ಬರೆಯುತ್ತ ಹೋದ. ನೆತ್ತಿಯ ಹತ್ತಿರ, ಗೋಡೆಯ ಗೆರೆ ಬಂದಲ್ಲಿ ಪೆನ್ಸಿಲ್ ನಿಂತಿತು. ಗೋಡೆಯಲ್ಲಿ ಕಣ ಇರುವ ಹಾಗಿಲ್ಲ, ಅಲ್ಲಿ ಅಲೆ ಸೊನ್ನೆಯಾಗಿರಲೇಬೇಕು. ಇಲ್ಲಿ ನೋಡಿದರೆ ಅಲೆ ಅತ್ಯಂತ ಎತ್ತರದಲ್ಲಿದೆ.

ಮೇಜಿನ ಕೆಳಗೆ ಅವನ ಮೊಣಕಾಲು ಕುಣಿಯುವುದು ನಿಂತುಹೋಯಿತು. ಅವನಿಗೇನೋ ಆಗಿಹೋಯಿತು ಎಂದೇ ನಾನು ಹೆದರಿದ್ದು.

"ಸಿಸ್ಟರ್," ಎಂದ ಮೆಲ್ಲಗೆ. "ಪ್ರಶ್ನೆ ಬದಲಾಯಿಸಿದೆ. ಉತ್ತರ ಹಳೇದನ್ನೇ ಇಟ್ಕೊಂಡೆ."

"ಅಂದ್ರೆ?"

"ಅಂದ್ರೆ ಇಡೀ ಕ್ಲಾಸಲ್ಲಿ ಸರಿ ಬರೆದಿದ್ದು ಅವಳೊಬ್ಬಳೇ. ಅಯ್ಯೋ ನನ್ನ ತಲೆಗಿಷ್ಟು ಬೆಂಕಿ ಹಾಕ!"

ಅಂಕ ತಿದ್ದುವುದು ಅವನ ಕೈಯಲ್ಲೇ ಇತ್ತು, ಅಂದೇ ತಿದ್ದಿದ. ಆದರೆ ಕಾಲೇಜು ಬಿಟ್ಟವಳು ತಾನೇ ಬಂದು ಮಾತು ಹಿಂದಕ್ಕೆ ಪಡೆಯದಿದ್ದರೆ ಆ ಅಂಕ ಇದ್ದೂ ಇಲ್ಲದ ಹಾಗೆ. ಫಲಿತಾಂಶದ ಸಭೆ ಬುಧವಾರ. ಅದು ಮುಗಿದರೆ ಅವಳ ಜಾಗ ಹೋದಂತೆಯೇ. ಕೊಬಿನಾ ಓಡಿಹೋಗಿ ಅವರ ಮನೆಯ ಅಂಗಳದಲ್ಲಿ ನಿಂತ. ಅರಬಾ ಹೊರಗೆ ಬರಲೇ ಇಲ್ಲ. ಬಂದವರು ಅವಳ ತಾಯಿಯ ಸೋದರಮಾವ, ಆ ಕುಟುಂಬದ ಹಿರಿಯ ಎಸುವೊನ್, ಎಲ್ಲರ ಬಾಯಲ್ಲೂ ನಾನಾ, ಅಂದರೆ ಅಜ್ಜ.

"ನಕ್ಕಿದ್ದು ಮಂದಿ ಮುಂದೆ, ಕ್ಷಮೆ ಕೇಳೋದು ಬಾಗಿಲ ಸಂದೀಲಾ ಮೇಷ್ಟ್ರೇ? ಮಂಗಳವಾರ ಗಂಡಸರೆಲ್ಲ ದಡದಲ್ಲಿರ್ತಾರೆ, ಅವತ್ತು ಬಾ. ರಿವಾಜಿನ ಪ್ರಕಾರ ಬಾ. ನಿನ್ನ ಪರವಾಗಿ ಮಾತಾಡೋಕೆ ಒಬ್ಬರನ್ನ ಕರ್ಕೊಂಡು ಬಾ. ನಿನ್ನ ಬಾಯಿ ನಮಗೆ ಬೇಡ, ಅದು ಮಾಡಿದ್ದು ಸಾಕು."

ಆ ಒಬ್ಬರು ಯಾರಾಗಬೇಕು ಎಂದು ಕೇಳಬೇಕೇ? ಇಪ್ಪತ್ತು ವರ್ಷ ಒಂದೇ ಫ್ಯಾನಿನ ಕೆಳಗೆ ಕೂತ ಕರ್ಮ.

ಮಂಗಳವಾರ ಸ್ನ್ಯಾಪ್ಸ್ ಮದ್ಯದ ಶೀಸೆಗಳನ್ನು ಬಟ್ಟೆಯಲ್ಲಿ ಸುತ್ತಿ ಹಿಡಿದು ಹೋದೆವು. ಕೊಬಿನಾ ಪ್ಯಾಂಟು ಬಿಟ್ಟು ಎಡಹೆಗಲ ಮೇಲೆ ದೊಡ್ಡ ಬಟ್ಟೆ ಹೊದ್ದಿದ್ದ, ಕಾಲಿಗೆ ಅಪ್ಪನ ಕಾಲದ ಚಪ್ಪಲಿ. ಅಂಗಳದಲ್ಲಿ ಹಿರಿಯರು ಅರ್ಧಚಂದ್ರವಾಗಿ ಕೂತಿದ್ದರು. ಬಲದಿಂದ ಶುರುಮಾಡಿ ಎಲ್ಲರ ಕೈ ಕುಲುಕಿ ಕೂತೆವು. ನೀರು ಕೊಟ್ಟರು, ಕುಡಿದೆವು. ಅವರ ಕಡೆ ಮಾತಾಡುವವರು ನಾನಾ ಅವರ ತಮ್ಮ ಬೊಟ್ವೆ, ಕೇರಿಗೆಲ್ಲ ಎಗ್ಯಾ, ಅಂದರೆ ಅಪ್ಪ. ಕಂಠವೆಂದರೆ ದೋಣಿಯಿಂದ ದಡಕ್ಕೆ ಕೇಳಿಸುವಂಥದ್ದು.

"ನಮ್ಮಲ್ಲಿ ಎಲ್ಲ ತಣ್ಣಗಿದೆ. ದಾರಿ ನಡೆದು ಬಂದೋರು ನೀವು. ಬಂದ ಸಂಗತಿ ಹೇಳಿ."

"ಎಗ್ಯಾ ಬೊಟ್ವೆ, ನಾನಾಗೆ ತಿಳಿಸಿ," ಎಂದು ನಾನು ಎದ್ದು ನಿಂತೆ. "ನಮ್ಮ ತಮ್ಮ ಕೊಬಿನಾ ನಿಮ್ಮ ಮಗಳಿಗೆ ಅನ್ಯಾಯ ಮಾಡಿದಾನೆ. ಅದನ್ನ ಒಪ್ಕೊಳ್ಳೋಕೆ ಬಂದಿದೀವಿ."

"ಏನನ್ಯಾಯ? ಪೂರ್ತಿ ಹೇಳಬೇಕು. ಹೇಳದ ತಪ್ಪಿಗೆ ಕ್ಷಮೆ ಇಲ್ಲ."

ಅಲ್ಲಿಗೆ ನನ್ನ ಕಥೆ ಮುಗಿಯಿತು. ರಿವಾಜು ಅಂದರೆ ರಿವಾಜು, ತಪ್ಪನ್ನು ಬಿಡಿಸಿ ಹೇಳಲೇಬೇಕು. ಆ ಸುಡುಬಿಸಿಲಿನಲ್ಲಿ ಬಲೆ ಎಳೆಯುವ ಹಿರಿಯರ ಮುಂದೆ ಸ್ಪ್ರಿಂಗಿಗೆ ಕಟ್ಟಿದ ಕಣದ ಸಂಸಾರ ಬಿಚ್ಚಲು ಹೊರಟೆ.

"ಒಂದು ಮೆಟ್ಟಿಲಿದೆ..."

"ಯಾರ ಮನೇದು?" ಅಂದರು ಬೊಟ್ವೆ.

"ಮನೇದಲ್ಲ. ಕಣ್ಣಿಗೆ ಕಾಣದ್ದು."

"ಏನು! ಕಣ್ಣಿಗೇ ಕಾಣದ ಮೆಟ್ಟಿಲಿಗೋಸ್ಕರ ನಮ್ಮ ಹುಡುಗೀನ ಅಳಿಸಿದ್ರಾ?"

ಅಂಗಳವೆಲ್ಲ ನಕ್ಕಿತು. ನಾನು ಬೆವರು ಒರೆಸಿಕೊಂಡು ಮಂಗಳವಾರದ ದೋಣಿ ಹೇಳಿದೆ, ಅರ್ಧ ಹೇಳಿದೆ. ಅದಕ್ಕೆ ಅವರು ತಲೆದೂಗಿದರು, ದೋಣಿ ಸುಮ್ಮನಿರುವುದಿಲ್ಲ ಎನ್ನುವುದನ್ನು ಅವರಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಆಮೇಲೆ ಗೋಡೆ ಬಂತು. ನನ್ನ ಬುದ್ಧಿ ಗೋಡೆಗೆ ಬಡಿದು ನಿಂತಿತು. ಹೇಗೋ ಒಂದು ದಡ ಸೇರೋಣವೆಂದು ಬಾಯಿಗೆ ಬಂದದ್ದು ಹೇಳಿದೆ: "ಆ ಅರ್ಧ ಇದೆಯಲ್ಲ, ಅದು ಹೋಗಿ ಗೋಡೆಗೆ ಬಡಿದು, ಅಲ್ಲಿಂದ ಒಂದು ಸೇರಿಸ್ಕೊಂಡು ವಾಪಸ್ ಬಂದು ಒಂದೂವರೆ ಆಗುತ್ತೆ."

ಕೊಬಿನಾ ತಲೆ ಚಚ್ಚಿಕೊಂಡ. ಅಷ್ಟರಲ್ಲಿ ಹೊಗೆ ಒಲೆಗಳ ಹಿಂದಿನಿಂದ ಕೂಗು ಬಂತು:

"ಅಯ್ಯೋ ಹಾಗಲ್ಲ ಆಂಟಿ!"

ಅರಬಾ ಬಂದೇಬಿಟ್ಟಳು. ಕೈಯೆಲ್ಲ ಮಸಿ, ಕಣ್ಣಲ್ಲಿ ಕೆಂಡ. ತಾನು ಸಿಟ್ಟು ಮಾಡಿಕೊಂಡು ಒಳಗೆ ಕೂತವಳು ಎನ್ನುವುದೇ ಅವಳಿಗೆ ಮರೆತುಹೋಗಿತ್ತು. ಮೂಲೆಯಲ್ಲಿ ಬಿದ್ದಿದ್ದ ಬಲೆಯ ಹಗ್ಗ ಎಳೆದುಕೊಂಡು ಒಂದು ತುದಿಯನ್ನು ಬೊಟ್ವೆಯ ಕೈಗೆ ತುರುಕಿ, ಇನ್ನೊಂದನ್ನು ತಾನು ಹಿಡಿದಳು.

"ಹಿಡ್ಕೊಳ್ಳಿ ಎಗ್ಯಾ. ನಿಧಾನಕ್ಕೆ ಬೀಸಿ. ನೋಡಿ, ಹಗ್ಗಕ್ಕೆ ಒಂದೇ ಉಬ್ಬು. ಎಲ್ಲಕ್ಕಿಂತ ಜಾಸ್ತಿ ಎಗರೋದು ಎಲ್ಲಿ?"

"ನಡುವಿನಲ್ಲಿ," ಅಂದರು ನಾನಾ.

"ಇದೇ ಸಾರ್ ಹೇಳೋ ಅರ್ಧ. ಈಗ ಜೋರಾಗಿ ಬೀಸಿ ಎಗ್ಯಾ, ಇನ್ನೂ ಜೋರಾಗಿ! ನೋಡಿ, ಎರಡು ಉಬ್ಬು ಆಯ್ತು. ಒಂದು ಮೇಲೆ ಹೋದ್ರೆ ಇನ್ನೊಂದು ಕೆಳಗೆ. ನಡುಮಧ್ಯ ಅಲ್ಲಾಡ್ತಾನೇ ಇಲ್ಲ. ಇದು ಒಂದೂವರೆ. ಈಗ ನೀವು ಗೋಡೆ ನಾನಾ. ನಡುವಿನಲ್ಲಿ ಗಟ್ಟಿಯಾಗಿ ಹಿಡ್ಕೊಳ್ಳಿ."

ನಾನಾ ಎದ್ದು ಬಂದು ಹಗ್ಗದ ನಡುವನ್ನು ಮುಷ್ಟಿಯಲ್ಲಿ ಹಿಡಿದರು. ಒಂದೇ ಉಬ್ಬು ಬರಿಸಲು ಬೊಟ್ವೆ ಏನೆಲ್ಲ ಮಾಡಿದರೂ ಹಗ್ಗ ಜಗ್ಗಿತೇ ಹೊರತು ಏಳಲಿಲ್ಲ. ಆ ತುದಿಯಿಂದ ಅರಬಾ ಕೂಡ ಸೇರಿ ಜೋರಾಗಿ ಬೀಸಿದಾಗ ಎರಡು ಉಬ್ಬು ನಾನಾ ಅವರ ಕೈಯ ಆಚೆಗೊಂದು ಈಚೆಗೊಂದು ಲಕಲಕನೆ ಕುಣಿದವು.

"ಅರೆ! ನನ್ನ ಕೈ ಎಳೀತಾನೇ ಇಲ್ಲವಲ್ಲೇ!"

"ಅಷ್ಟೇ ನಾನಾ. ಗೋಡೆ ಇದ್ರೆ ಅರ್ಧಕ್ಕೆ ಜಾಗವೇ ಇಲ್ಲ. ಎರಡೂವರೆಗೂ ಇಲ್ಲ, ಅದೂ ನಡುವಿನಲ್ಲೇ ಎಗರುತ್ತೆ. ಒಂದೂವರೆ, ಮೂರೂವರೆ, ಐದೂವರೆ, ಇವಷ್ಟೇ ಉಳಿಯೋದು. ನಾನು ಬರೆದಿದ್ದು ಅದೇ."

ಕೊಬಿನಾ ಎದ್ದು ನಿಂತ. ಹೆಗಲ ಮೇಲಿನ ಬಟ್ಟೆ ಇಳಿಸಿದ. ಎರಡೂ ಕಾಲನ್ನು ಚಪ್ಪಲಿಯಿಂದ ತೆಗೆದು ಬರಿನೆಲದ ಮೇಲೆ ಇಟ್ಟ. ನಮ್ಮಲ್ಲಿ ಹಾಗೆ ನಿಲ್ಲುವುದು ಅರಸನ ಮುಂದೆ, ಇಲ್ಲವೇ ತಪ್ಪು ಮಾಡಿ ಶರಣು ಬಂದಾಗ.

"ಅವಳು ಸರಿ. ನಾನು ತಪ್ಪು," ಅಂದ.

"ಬಾಯಿ ಮುಚ್ಚಯ್ಯಾ, ನಿನ್ನ ಪರವಾಗಿ ಆಯಮ್ಮ ಇದ್ದಾರಲ್ಲ!" ಎಂದು ಬೊಟ್ವೆ ಗದರಿದರು.

"ಆಯಮ್ಮ ಮಾತಾಡಿದ್ದು ಕೇಳಿದ್ವಲ್ಲ," ಅಂದರು ನಾನಾ. "ಅವನೇ ಹೇಳಲಿ ಬಿಡು."

"ಬಾಯಿಪಾಠ ಮಾಡಬೇಡಿ ಅಂತ ಮಕ್ಕಳಿಗೆ ಬೈದೆ, ನಾನೇ ಬಾಯಿಪಾಠ ಒಪ್ಪಿಸಿದೆ. ಅದು ಸಣ್ಣ ತಪ್ಪು. ಗೋಡೆ ಇದೆ ಸಾರ್ ಅಂತ ಈ ಮಗು ಎದ್ದು ನಿಂತು ಹೇಳ್ತು, ನಾನು ಗೋಡೆ ಕಡೆ ತಿರುಗಿ ನೋಡಲಿಲ್ಲ. ಮಂದೀನ ನಗಿಸಿದೆ. ಅದು ದೊಡ್ಡ ತಪ್ಪು." ನನಗೆ ಕಣ್ಣು ತುಂಬಿ ಬಂತು, ಹೊಗೆಗೆ ಎಂದುಕೊಂಡೆ.

ನಾನಾ ಹುಡುಗಿಯ ಕಡೆ ತಿರುಗಿದರು. "ಏನಂತೀಯಮ್ಮ?"

ಅರಬಾ ಹಗ್ಗ ಸುತ್ತುತ್ತ ನಿಂತಳು. "ಸಾರ್ ಮೇಲೆ ಸಿಟ್ಟಿಲ್ಲ ನಾನಾ. ಆದ್ರೆ ಆ ಕ್ಲಾಸಿಗೆ ಕಾಲಿಟ್ರೆ ಒಂದೂವರೆ ಅಂತ ಕೂಗ್ತಾರೆ. ಅದು ನನ್ನಿಂದಾಗಲ್ಲ. ನಾನು ಅಬಿಜಾನಿಗೆ ಹೋಗ್ತೀನಿ."

ಹಿರಿಯರು ಗುಸುಗುಸು ಮಾತಾಡಿಕೊಂಡರು. ಆಮೇಲೆ ನಾನಾ ತೀರ್ಪು ಕೊಟ್ಟರು. ನಾಳೆ ಅರಬಾ ಗುಡ್ಡ ಹತ್ತಬೇಕು. ಹೊಸ ವರ್ಷದ ಮೊದಲ ತರಗತಿಯಲ್ಲಿ ಈ ಗೋಡೆಯ ಪಾಠವನ್ನು ಅವಳೇ ಹೇಳಬೇಕು, ಮೇಷ್ಟ್ರು ಬೆಂಚಿನ ಮೇಲೆ ಕೂತು ಕೇಳಬೇಕು. ಸಾಕ್ಷಿಗೆ ನಾನು ಪಕ್ಕದಲ್ಲಿರಬೇಕು. ಗತಿಸಿದ ಹಿರಿಯರ ಹೆಸರಿನಲ್ಲಿ ಸ್ನ್ಯಾಪ್ಸ್ ನೆಲಕ್ಕೆ ಸುರಿದು, ಉಳಿದದ್ದನ್ನು ಕುಡಿದು ಬೊಟ್ವೆ ಸಾರಿದರು: "ಕ್ಷಮೆ ಕೊಟ್ಟಾಯ್ತು. ಇವತ್ತಿಂದ ಈ ಮಾತು ಯಾರ ಬಾಯಲ್ಲೂ ಬರಕೂಡದು. ಎತ್ತಿದೋರು ನಮಗೆ ತಪ್ಪಿತಸ್ಥರು."

ಬುಧವಾರ ಅರಬಾ ಬಂದಳು. ಕೊಬಿನಾ ಸಭೆಯಲ್ಲಿ ಎದ್ದು ತನ್ನ ಉತ್ತರವೇ ತಪ್ಪೆಂದ. ಅವಳ ಅಂಕ ಉಳಿಯಿತು, ಉಳಿದವರು ಪಾಪವೆಂದು ಅವರಿಗೆ ಆ ಪ್ರಶ್ನೆಯನ್ನೇ ಲೆಕ್ಕದಿಂದ ಬಿಟ್ಟರು. ಸಭೆಯ ಮಾತು ಹೊರಗೆ ಹೋಗುವಂತಿಲ್ಲವಾದ್ದರಿಂದ ಹುಡುಗರಿಗೆ ತಿಳಿದದ್ದು ಇಷ್ಟೇ: ಒಂದೂವರೆ ಪಾಸಾದಳು. ಕಾಡಿ ಬೇಡಿ ಪಾಸಾದಳಂತೆ ಎಂದು ಸುದ್ದಿ ಹಬ್ಬಿತು. ನನ್ನ ಮೈಯೆಲ್ಲ ಉರಿಯಿತು. ಕೊಬಿನಾನ ಮುಖ ಸಪ್ಪಗಾಯಿತು. ನಿಜ ಹೇಳೋಣವೆಂದರೆ ಮಂಗಳವಾರ ಹಿರಿಯರ ಅಂಗಳದಲ್ಲಿ ನಮ್ಮ ಬಾಯಿಗೆ ಬೀಗ ಬಿದ್ದಿದೆ.

"ಈಗೇನೋ ಮಾಡ್ತೀಯಾ?" ಎಂದು ಕೇಳಿದೆ.

"ನೋಡೋಣ ಸಿಸ್ಟರ್," ಅಂದ. ಮೊಣಕಾಲು ಕುಣಿಯುತ್ತಿತ್ತು.

ಹೊಸ ವರ್ಷದ ಮೊದಲ ತರಗತಿ. ಹಿಂದಿನ ಬೆಂಚಿನಲ್ಲಿ ಅವನು, ಪಕ್ಕದಲ್ಲಿ ನಾನು. ಅರಬಾ ಬೋರ್ಡಿನ ಹತ್ತಿರ ಹೋದಳು. ಎಲ್ಲಿಂದಲೋ "ಒಂದೂವರೆ..." ಎಂದು ಪಿಸುಮಾತು ಬಂತು, ಕಿಸಕಿಸ ನಗು. ಅವಳ ಕೈಯಲ್ಲಿ ಸುಣ್ಣದ ಕಡ್ಡಿ ಲಟ್ಟೆಂದು ಮುರಿಯಿತು. ನನಗೆ ಎದ್ದು ಹೋಗಿ ಒಬ್ಬೊಬ್ಬರ ಕಿವಿ ಹಿಂಡಬೇಕೆನಿಸಿತು. ಅವಳು ಇನ್ನೊಂದು ಕಡ್ಡಿ ತೆಗೆದುಕೊಂಡು ಸ್ಪ್ರಿಂಗು ಬರೆದಳು, ನಡುವೆ ಗೋಡೆ ಬರೆದಳು.

"ಗೋಡೆ ಇದ್ರೆ ಅತ್ಯಂತ ಕೆಳಗಿನ ಮೆಟ್ಟಿಲು ಎಷ್ಟು?" ದನಿ ನಡುಗುತ್ತಿತ್ತು.

ಕೊಬಿನಾ ಧಡಾರನೆ ಎದ್ದ. "ಅರ್ಧ!" ಎಂದು ಕೂಗಿದ.

ಹುಡುಗರು ಹೌದೌದು ಎಂದು ತಲೆಯಾಡಿಸಿದರು. ಅರಬಾ ಒಂದು ಗಳಿಗೆ ಅವನನ್ನೇ ನೋಡಿದಳು. "ಅಲ್ಲ ಸಾರ್. ಗೋಡೆ ಇದೆ."

"ಇರಲಿ ಬಿಡಮ್ಮ! ಇಪ್ಪತ್ತು ವರ್ಷದಿಂದ ಅರ್ಧ ಅಂತಾನೇ ಹೇಳ್ತಿದೀನಿ."

"ಇಪ್ಪತ್ತು ವರ್ಷ ಗೋಡೆ ಇರಲಿಲ್ಲ ಸಾರ್. ಇಲ್ಲಿ ನೋಡಿ." ಅವಳು ಒಂದು ಉಬ್ಬು ಬರೆದು ಗೋಡೆಗೆ ತಾಗಿಸಿ ಅಳಿಸಿದಳು, ಎರಡು ಉಬ್ಬು ಬರೆದು ಉಳಿಸಿದಳು. ಈಗ ದನಿ ನಡುಗುತ್ತಿರಲಿಲ್ಲ. ಹುಡುಗರು ಒಬ್ಬೊಬ್ಬರಾಗಿ ಮುಂದಕ್ಕೆ ಬಾಗಿ, ಬೋರ್ಡು ನೋಡಿ, ಮೇಷ್ಟ್ರ ಕಡೆ ತಿರುಗಿದರು.

"ಹಾಗಾದ್ರೆ ನಾನು ಹೇಳಿದ್ದು?" ಎಂದ ಕೊಬಿನಾ, ತಲೆ ಕೆರೆದುಕೊಳ್ಳುತ್ತ.

"ಸೊನ್ನೆ ಅಂಕ ಸಾರ್!" ಎಂದು ಯಾರೋ ಕೂಗಿದರು. ತರಗತಿ ಬಿದ್ದು ಬಿದ್ದು ನಕ್ಕಿತು. "ಸಾರ್ ಫೇಲು! ಸಾರ್‌ಗೆ ಏಣಿ ತರಿಸ್ರೋ!" ಎಂದು ಬೆಂಚು ಕುಟ್ಟಿದರು. ಅರಬಾ ಕೂಡ ಬೋರ್ಡಿಗೆ ಒರಗಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

ಇಷ್ಟು ಗೊತ್ತಿದ್ದೂ ಮತ್ತೆ ಅದೇ ತಪ್ಪು ಹೇಳಿದನಲ್ಲ ಮಹರಾಯ ಎಂದು ಬೈಯಲು ನಾನು ಅವನ ಕಡೆ ತಿರುಗಿದೆ. ಬೆಂಚಿನ ಕೆಳಗೆ ನನ್ನ ಕಣ್ಣು ಬಿತ್ತು. ಅಪ್ಪನ ಕಾಲದ ಆ ಚಪ್ಪಲಿಗಳು ಪಕ್ಕದಲ್ಲಿದ್ದವು. ಅವನ ಎರಡೂ ಪಾದಗಳು ಬರಿಯ ಸಿಮೆಂಟಿನ ಮೇಲಿದ್ದವು.